ದಿಲ್ಲಿಯಲ್ಲಿ ನಿಂತ ಮನೆ

ನನ್ನದು ಬರೀ ಹೊಟ್ಟೆಕಿಚ್ಚು. ಅದಕ್ಕೆ ಬೇರೆ ದೊಡ್ಡ ಹೆಸರು ಹುಡುಕಲು ಹೋಗುವುದಿಲ್ಲ. ಚಿಕ್ಕಂದಿನಲ್ಲಿ ತಂಗಿಯ ಜಡೆ ನನ್ನದಕ್ಕಿಂತ ಉದ್ದವಾಗಿದೆಯೆಂದು ಎರಡು ದಿನ ಊಟ ಬಿಟ್ಟವಳು ನಾನು. ಅದೆಲ್ಲ ಮಕ್ಕಳಾಟ ಎಂದು ನಕ್ಕುಬಿಡಬಹುದು. ಆದರೆ ದೊಡ್ಡವಳಾದ ಮೇಲೆ, ಓದು ಬರಹ ಬಾರದ, ನನ್ನ ಅವ್ವನ ವಯಸ್ಸಿನ ಒಬ್ಬ ಹೆಂಗಸಿನ ಮೇಲೆ ಹೊಟ್ಟೆ ಉರಿದುಕೊಂಡು, ಒಂದು ಊರಿನ ಮನೆಗಳ ವಿಷಯದಲ್ಲಿ ನಾನು ಮಾಡಿದ ಕೆಲಸ ನಗುವಂಥದ್ದಲ್ಲ. ಅದನ್ನು ಇಷ್ಟು ವರ್ಷ ಯಾರ ಮುಂದೆಯೂ ಬಾಯಿಬಿಟ್ಟು ಹೇಳಿಲ್ಲ.

ನಮ್ಮದು ಕುರುಗೋಡು. ಊರ ಸುತ್ತ ಬಂಡೆಗುಡ್ಡ. ಮನೆಯ ಗೋಡೆ ಕಲ್ಲು, ಮೇಲೆ ಹೊದಿಸಿದ್ದು ಕಲ್ಲಿನ ಚಪ್ಪಡಿ, ಹಿತ್ತಲಲ್ಲಿ ಕೂತು ಹರಟುವುದೂ ಕಲ್ಲಿನ ಮೇಲೆಯೇ. ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ ಅಪ್ಪ ತೀರಿಕೊಂಡ. ಅವ್ವ ತಂಗಿಯನ್ನು ಇಟ್ಟುಕೊಂಡು ಊರಲ್ಲೇ ಉಳಿದಳು, ನನ್ನನ್ನು ಬಳ್ಳಾರಿಗೆ ಸೋದರಮಾವನ ಮನೆಗೆ ಕಳಿಸಿದಳು. ಅಲ್ಲಿ ಟೈಪಿಂಗ್ ಕಲಿತೆ. ಕೋಟೆ ಗುಡ್ಡದ ಕೆಳಗಿನ ಒಂದು ಓಣಿಯಲ್ಲಿ ವಯಸ್ಸಾದ ವಕೀಲರೊಬ್ಬರಿದ್ದರು. ನಮ್ಮ ಕಡೆಯಿಂದ ಸಂಸತ್ತಿಗೆ ಆರಿಸಿ ಹೋಗಿದ್ದರೂ ಜನರ ಬಾಯಲ್ಲಿ ಅವರು ವಕೀಲರಾಗಿಯೇ ಉಳಿದಿದ್ದರು. ಅವರ ಮನೆಯ ಮುಂದಿನ ಕೋಣೆಯೇ ಆಫೀಸು. ಎಪ್ಪತ್ತರ ದಶಕದಲ್ಲಿ ನಾಲ್ಕಾರು ವರ್ಷ ನಾನು ಆ ಕೋಣೆಯಲ್ಲಿ ಟೈಪಿಸ್ಟ್ ಆಗಿದ್ದೆ.

ವಕೀಲರಿಗೆ ಒಂದು ಪದ್ಧತಿಯಿತ್ತು. ದಿಲ್ಲಿಯಲ್ಲಿ ಇಂಗ್ಲಿಷಿನಲ್ಲಿ ಆಡಬೇಕಾದ ಮಾತನ್ನೆಲ್ಲ ಮೊದಲು ಬಳ್ಳಾರಿಯಲ್ಲಿ ಕನ್ನಡದಲ್ಲಿ ಒಬ್ಬರ ಮುಂದೆ ಹೇಳಿ ನೋಡಬೇಕು. ಸಿಮೆಂಟಿನ ಪರ್ಮಿಟ್ ಹಳ್ಳಿಯವನ ಕೈಗೆ ಯಾಕೆ ಸಿಗುವುದಿಲ್ಲ, ಸೀಮೆಎಣ್ಣೆಗೆ ಪಟ್ಟಣಕ್ಕೊಂದು ಅಳತೆ ಹಳ್ಳಿಗೊಂದು ಅಳತೆ ಯಾಕೆ, ಎಲ್ಲೋ ಕರಾವಳಿಗೆ ಚಂಡಮಾರುತ ಬಡಿದರೆ ಪರಿಹಾರ ಹೊರಡುವ ಹೊತ್ತಿಗೆ ಮುಂದಿನ ಮಳೆಗಾಲವೇ ಯಾಕೆ ಬಂದಿರುತ್ತದೆ, ಹೀಗೆ. ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಓಡಾಡುತ್ತ ಹೇಳುವರು. ಕೇಳುವವರು ಎಲ್ಲಿಯಾದರೂ ಹುಬ್ಬು ಗಂಟಿಕ್ಕಿದರೆ ಅಲ್ಲೇ ನಿಂತು, ಆ ವಾಕ್ಯವನ್ನು ಹೊಡೆದು ಹಾಕಿ, ಇನ್ನೊಂದು ಕಟ್ಟುವರು. ಹಾಗೆ ಕೂತು ಕೇಳುವವಳು ನಾನಾಗಿದ್ದೆ.

"ತಿಳೀತೇನು ಮಗಳ? ನಿನಗ ತಿಳಿದ್ರ ದಿಲ್ಲಿಗೂ ತಿಳೀತೈತಿ," ಎನ್ನುತ್ತಿದ್ದರು.

ಅಪ್ಪನಿಲ್ಲದ ಹುಡುಗಿಗೆ ಇಷ್ಟು ಸಾಕಲ್ಲ. ಒಂದೊಂದು ಸಲ ಎಲ್ಲ ತಿಳಿದಿದ್ದರೂ ಬೇಕೆಂದೇ ಹುಬ್ಬು ಗಂಟಿಕ್ಕುತ್ತಿದ್ದೆ. ಅವರು ನಿಂತು ನನ್ನ ಮುಖ ನೋಡಿ ಮತ್ತೆ ಹೇಳಲಿ ಎಂದು. ದೇಶದ ರಾಜಧಾನಿಯಲ್ಲಿ ಆಡುವ ಮಾತು ಮೊದಲು ನನ್ನ ಕಿವಿಗೆ ಬೀಳುತ್ತದೆ ಎಂದು ಮಾವನ ಮನೆಯಲ್ಲಿ ಎಷ್ಟು ಜಂಬ ಕೊಚ್ಚಿಕೊಂಡಿದ್ದೆನೆಂದರೆ, ಅತ್ತೆ ನನಗೆ ಪಾತ್ರೆ ತೊಳೆಯಲು ಹೇಳುವುದನ್ನೇ ಬಿಟ್ಟಿದ್ದಳು.

ನಾನು ಮೊದಲೇ ಹೇಳಿದ ಆ ಹೆಂಗಸು ಬಂದದ್ದು ಒಂದು ಸೋಮವಾರ. ಸಿರುಗುಪ್ಪದ ಆಚೆ, ಹೊಳೆಯ ದಂಡೆಯ ಒಂದು ಹಳ್ಳಿಯವಳು. ಸೀಮೆಎಣ್ಣೆಯ ಅರ್ಜಿ ಹಿಡಿದು ಬಂದ ನಾಲ್ಕೈದು ಜನರ ಹಿಂದೆ, ಹೊಸ್ತಿಲ ಹೊರಗೆ ನೆಲದ ಮೇಲೆ ಕೂತಿದ್ದಳು. ಒಳಗೆ ವಕೀಲರು ಸಿಮೆಂಟಿನ ಭಾಷಣ ಹೇಳಿ ನೋಡುತ್ತಿದ್ದರು. ಸಿಮೆಂಟಿಲ್ಲದೆ ಬಡವನ ಮನೆ ಮಳೆಗೆ ನಿಲ್ಲುವುದಿಲ್ಲ ಎಂಬಲ್ಲಿಗೆ ಬಂದಾಗ ಹೊರಗಿನಿಂದ ಕಿಸಕ್ಕನೆ ನಗು ಕೇಳಿಸಿತು. ವಕೀಲರು ತಿರುಗಿ ನೋಡಿದರು.

"ಯಾಕವ್ವ, ನಗಾಕ ಏನಾತು?"

"ತಪ್ಪು ತಿಳೀಬ್ಯಾಡ್ರಿ ಯಪ್ಪಾ. ನಮ್ಮವ್ವ ಹಾಕಿದ ಮಾಳಿಗಿ ಇವತ್ತಿಗೂ ಒಂದು ಹನಿ ಸೋರಿಲ್ಲ. ಅಕಿ ಸಿಮೆಂಟಿನ ಮಾರಿನೂ ನೋಡಿದಾಕಿ ಅಲ್ಲ."

ಆಕೆಯ ಕಸುಬೇ ಅದು. ಆ ಕಡೆಯ ಕಪ್ಪು ನೆಲದ ಹಳ್ಳಿಗಳಲ್ಲಿ ಮಣ್ಣಿನ ಗೋಡೆ, ಜಂತಿಯ ಮೇಲೆ ಕಟ್ಟಿಗೆ, ಅದರ ಮೇಲೆ ಮಣ್ಣು ಬಡಿದ ಚಪ್ಪಟೆ ಸೂರು, ಅದೇ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಆ ಮಾಳಿಗೆಗೆ ಹೊಸದಾಗಿ ನೀರು ಇಳಿಯಗೊಡದ ಚೌಳು ಮಣ್ಣು ಹಾಕಿ ತುಳಿಯಬೇಕು. ಅದಕ್ಕೆ ಸುತ್ತ ಹತ್ತು ಹಳ್ಳಿಯವರು ಆಕೆಯನ್ನು ಕರೆಯುತ್ತಿದ್ದರು. ಆಕೆ ಊರ ಹೊರಗಿನ ಕೇರಿಯವಳು. ಹೊರಗಿನಿಂದ ಏಣಿ ಹಾಕಿ ಎಲ್ಲರ ನೆತ್ತಿಯ ಮೇಲೆ ಹತ್ತುತ್ತಿದ್ದಳು, ಅದೇ ಮನೆಯ ಬಾಗಿಲೊಳಗೆ ಕಾಲಿಡುವಂತಿರಲಿಲ್ಲ. ವಕೀಲರು ಆಕೆಯನ್ನು ಒಳಗೆ ಕರೆದು, ನನ್ನ ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ನನಗೆ ಕೊಡುವಂಥದೇ ಲೋಟದಲ್ಲಿ ಚಹಾ ಕೊಡಿಸಿ, ಒಂದು ತಾಸು ಮಣ್ಣಿನ ಮಾತು ಕೇಳಿದರು. ಸಿಮೆಂಟಿನ ಭಾಷಣದ ಆ ವಾಕ್ಯ ಹೊಡೆದು ಹೋಯಿತು. ಕುರುಗೋಡಿನ ನಮ್ಮ ಮನೆಯಲ್ಲಾಗಿದ್ದರೆ ಆಕೆ ಅಂಗಳ ದಾಟುತ್ತಿರಲಿಲ್ಲ ಎಂದು ನಾನು ಯೋಚಿಸುತ್ತ ಕೂತಿದ್ದೆ. ಹಾಗೆ ಯೋಚಿಸಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಯೋಚಿಸಿದ್ದು ನಿಜ.

ಅಂದಿನಿಂದ ನನ್ನ ಕಿವಿಗೆ ಬೆಲೆ ಇಳಿಯಿತು. ವಕೀಲರು ದಿಲ್ಲಿಯಿಂದ ಬಂದು, ಗುಂತಕಲ್ಲಿನಲ್ಲಿ ರೈಲು ಬದಲಿಸಿ ಮನೆ ಸೇರಿ, ಕಾಲು ತೊಳೆಯುವ ಮೊದಲೇ "ಮಾಳಿಗಿಯಾಕಿ ಬಂದಿದ್ಲೇನು?" ಎಂದು ಕೇಳುವರು. ನಾನು ಟೈಪ್ ಮಾಡಿದ ಹಾಳೆಯನ್ನು ಪಕ್ಕಕ್ಕಿಟ್ಟು, "ಇರಲಿ, ಆಕಿಗೊಮ್ಮೆ ಹೇಳಿ ನೋಡೂಣು," ಎನ್ನುವರು. ಸೋಮವಾರ ಬಂತೆಂದರೆ ಆಕೆ ಸಿರುಗುಪ್ಪದ ಮೊದಲ ಬಸ್ಸಿಗೆ ಬಂದು ಇಳಿಯುತ್ತಿದ್ದಳು. ಸೆರಗಿನ ಗಂಟಿನಲ್ಲಿ ಸಜ್ಜೆ ರೊಟ್ಟಿ, ಗುರೆಳ್ಳು ಪುಡಿ. ವಕೀಲರು ಅದನ್ನು ಅಲ್ಲೇ ಮುರಿದು ತಿನ್ನುತ್ತಿದ್ದರು. ನಾನು ಬಿಡುತ್ತೇನೆಯೇ? ಮುಂದಿನ ವಾರ ಊರಿಗೆ ಹೋಗಿ ಅವ್ವನ ಕೈಯಲ್ಲಿ ಶೇಂಗಾ ಹೋಳಿಗೆ ಮಾಡಿಸಿಕೊಂಡು ಬಂದೆ. ಡಾಕ್ಟರು ಸಿಹಿ ಬೇಡ ಅಂದಿದ್ದಾರೆ ಎಂದು ವಕೀಲರು ಆ ಡಬ್ಬಿಯನ್ನು ಹಾಗೆಯೇ ಆಕೆಯ ಕಡೆಗೆ ಸರಿಸಿಬಿಟ್ಟರು.

"ನಿಮ್ಮವ್ವನ ಕೈ ಭಾಳ ಚಲೋ ಐತಿ ನೋಡು ತಂಗಿ," ಎಂದು ಆಕೆ ಎರಡು ಹೋಳಿಗೆ ತಿಂದಳು. ನಾನು ಡಬ್ಬಿಯ ಮುಚ್ಚಳ ಹಾಕಿ ಮೇಜಿನ ಕೆಳಗೆ ಇಟ್ಟುಬಿಟ್ಟೆ.

ಒಂದು ಸಲ ವಕೀಲರು ಒಳಗೆ ಊಟಕ್ಕೆ ಕೂತಿದ್ದಾಗ ಆಕೆ ಬಂದಳು. "ಇಲ್ಲ, ಹೊರಗ ಹೋಗ್ಯಾರ, ಸಂಜಿಮಟ ಬರಂಗಿಲ್ಲ," ಎಂದೆ. ಆಕೆ ಸರಿ ಎಂದು ಜಗಲಿಯ ಮೇಲೆ ಕೂತಳು. ಐದು ನಿಮಿಷಕ್ಕೆ ವಕೀಲರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಆಕೆ ನನ್ನ ಕಡೆ ನೋಡಿದಳು, ನಾನು ಟೈಪ್‌ರೈಟರಿನ ರಿಬ್ಬನ್ ಬಿಚ್ಚಿ ಮತ್ತೆ ಸುತ್ತತೊಡಗಿದೆ. ಆಕೆ ಅದನ್ನು ಅವರಿಗೆ ಹೇಳಲಿಲ್ಲ. ಹೇಳಿದ್ದರೆ ನನಗೆ ಜಗಳಕ್ಕಾದರೂ ಒಂದು ದಾರಿ ಸಿಗುತ್ತಿತ್ತು.

ಹೀಗಿರುವಾಗ ಆ ವರ್ಷದ ಮಳೆ ಬಂತು. ಒಂದು ವಾರ ಬಿಡದೆ ಹಿಡಿದ ಜಡಿಮಳೆ, ಮೇಲಿಂದ ಡ್ಯಾಮಿನ ಗೇಟು ತೆಗೆದರು. ಹೊಳೆ ದಂಡೆ ಮೀರಿ ಆಕೆಯ ಊರಿಗೆ ನುಗ್ಗಿತು. ವಕೀಲರು ದಿಲ್ಲಿಯಲ್ಲಿದ್ದರು, ಅಧಿವೇಶನ ನಡೆಯುತ್ತಿತ್ತು. ಅವರ ಟ್ರಂಕ್ ಕಾಲ್ ಬಂತು. ಕೂಗಿ ಕೂಗಿ ಮಾತಾಡಬೇಕಿತ್ತು.

"ಸಭಾದಾಗ ನನಗ ಮಾತಾಡಾಕ ಹೊತ್ತು ಕೊಟ್ಟಾರ. ಬಿದ್ದ ಮನಿ ಯಾವು, ನಿಂತ ಮನಿ ಯಾವು, ನೀನ ಹೋಗಿ ಬರ್ಕೊಂಡು ಬಂದು ನನಗ ಓದು. ಸರ್ಕಾರದ ಲೆಕ್ಕ ನಂಬಾಕ ಬರಂಗಿಲ್ಲ. ನಮ್ಮದ ಒಂದು ಲೆಕ್ಕ ಇರ್ಲಿ."

"ಹೂಂ ರೀ."

"ಮಾಳಿಗಿಯಾಕಿನ್ನ ಜೋಡಿ ಕರ್ಕೋ. ಆಕಿ ಹೇಳಿದಂಗ ಬರಿ."

ಆಕಿ ಹೇಳಿದಂಗ ಬರಿ. ಫೋನಿಟ್ಟ ಮೇಲೂ ಅದೊಂದೇ ನನ್ನ ಕಿವಿಯಲ್ಲಿ ಕೊರೆಯಿತು. ನಾನು ಓದಿದವಳು. ಸಂಸತ್ತಿನ ಪ್ರಶ್ನೆಗಳನ್ನು ಒಂದು ತಪ್ಪಿಲ್ಲದೆ ಟೈಪ್ ಮಾಡಿದವಳು. ಬಿದ್ದ ಮನೆ ಯಾವುದು ನಿಂತ ಮನೆ ಯಾವುದು ಎಂದು ಕಣ್ಣಿಗೆ ಕಾಣಲು ಇನ್ನೊಬ್ಬಳ ಅಪ್ಪಣೆ ಬೇಕೇ?

ಮರುದಿನ ಬೆಳಿಗ್ಗೆ ಜೀಪು ಹೊರಟಿತು. ತೆಕ್ಕಲಕೋಟೆ ದಾಟಿದ ಮೇಲೆ ಕಾಲುವೆ ಯಾವುದು, ಭತ್ತದ ಗದ್ದೆ ಯಾವುದು ಗೊತ್ತಾಗದ ಹಾಗೆ ಎರಡೂ ಕಡೆ ನೀರು. ಸಿರುಗುಪ್ಪದ ರೈಸ್ ಮಿಲ್ಲುಗಳ ಅಂಗಳದಲ್ಲಿ ನೆನೆದ ಭತ್ತದ ಮುಗ್ಗಲು ವಾಸನೆ. ಆ ಹಳ್ಳಿ ಮುಟ್ಟುವ ಹೊತ್ತಿಗೆ ಮಳೆ ನಿಂತಿತ್ತು, ನೀರು ಇಳಿದಿತ್ತು, ಎಳೆ ಬಿಸಿಲೂ ಬಂದಿತ್ತು. ಜನರೆಲ್ಲ ಮನೆ ಬಿಟ್ಟು ಸಾಲೆಯ ಕಟ್ಟಡದಲ್ಲಿದ್ದರು. ಆಕೆ ಮೊಣಕಾಲವರೆಗೆ ಕೆಸರಿನಲ್ಲಿ ನನ್ನ ಎದುರು ಬಂದಳು.

"ಬಿದ್ದಿದ್ದು ಬರಕೋ ತಂಗಿ. ನಿಂತಿದ್ದನ್ನ ಬರೀಬ್ಯಾಡ," ಎಂದಳು.

"ಯಾಕ?"

"ಅವು ಇನ್ನಾ ನಿಂತಿಲ್ಲ. ಗ್ವಾಡಿ ನೀರು ಕುಡದು ಉಬ್ಬ್ಯಾವ. ಮ್ಯಾಲಿನ ಮಣ್ಣು ಭಾರ ಆಗೈತಿ. ಮಣ್ಣಿನ ಮನಿ ಮಳ್ಯಾಗ ಬೀಳಂಗಿಲ್ಲ. ಬಿಸಿಲು ಬಿದ್ದು ಗ್ವಾಡಿ ಆರಾಕ ಹತ್ತಿತಂದ್ರ ಬಿರುಕು ಬಿಟ್ಟು ಕುಂತಬಿಡ್ತಾವ. ಮೂರು ದಿನ ತಡಿ, ಆಮ್ಯಾಲ ಬರಿ."

"ಅಲ್ಲೀಮಟ ದಿಲ್ಲಿ ಕಾಯ್ತೈತೇನು?"

"ಕಾಯಂಗಿಲ್ಲ ಅಂದ್ರ ಇದನ್ನ ವಕೀಲರಿಗೆ ಹೇಳು. ನಿಂತಿದ್ದಕ್ಕ ಮೂರು ದಿನ ತಡೀರಿ ಅಂತ ಹೇಳು."

ಕುರುಗೋಡಿನಲ್ಲಿ ಮಳೆ ಮುಗಿದ ಮೇಲೆ ನಿಂತಿದ್ದ ಮನೆ ನಿಂತಂತೆಯೇ. ಬಿಸಿಲಿಗೆ ಮನೆ ಬೀಳುವುದನ್ನು ನಾನು ಕೇಳಿಯೇ ಇರಲಿಲ್ಲ. ಆದರೆ ಅದನ್ನು ನೆಪ ಮಾಡಿಕೊಳ್ಳುವುದಿಲ್ಲ. ಆಕೆಯ ಮಾತಿನಲ್ಲಿ ಹುರುಳಿದೆ ಎಂದು ಆ ಕ್ಷಣವೇ ನನಗೆ ಅನ್ನಿಸಿತ್ತು. ಅನ್ನಿಸಿದ್ದಕ್ಕೇ ಸಿಟ್ಟು ಬಂತು. ಈ ಮಾತನ್ನು ಫೋನಿನಲ್ಲಿ ಹೇಳಿದರೆ ವಕೀಲರು "ನೋಡಿದೇನು ಆಕಿ ತಲಿ!" ಎನ್ನುತ್ತಾರೆ, ಅದನ್ನು ನಾನು ಹೂಂ ರೀ ಎಂದು ಕೇಳಬೇಕಾಗುತ್ತದೆ. ನಾನು ಹಾಳೆಯ ಮೇಲೆ ಎರಡು ಗೆರೆ ಎಳೆದು, ಒಂದು ಕಡೆ ಬಿದ್ದಿದೆ, ಇನ್ನೊಂದು ಕಡೆ ನಿಂತಿದೆ ಎಂದು ಬರೆದೆ. ನಿಂತಿದೆ ಎಂಬುದರ ಕೆಳಗೆ ಮೊದಲು ಬರೆದದ್ದು ಆಕೆಯ ಮನೆಯನ್ನು.

ಅದು ಕೇರಿಯ ತುದಿಯಲ್ಲಿತ್ತು. ಗೋಡೆ ಮೊಣಕಾಲೆತ್ತರಕ್ಕೆ ನೆನೆದು ಕಪ್ಪಾಗಿತ್ತು. ಒಳಗೆ ಮೇಲಿನಿಂದ ಒಂದು ಹನಿ ಇಳಿದಿರಲಿಲ್ಲ. ಆಕೆ ಬಾಗಿಲಲ್ಲಿ ನಿಂತು ನನ್ನ ಪೆನ್ನನ್ನೇ ನೋಡುತ್ತಿದ್ದಳು.

"ಏನು ಬರದಿ?"

"ನಿಂತೈತಿ ಅಂತ."

"ಬ್ಯಾಡ ಅಂದಿದ್ದೆ."

"ಕಣ್ಣಿಗೆ ಕಂಡಿದ್ದು ಬರೀಬೇಕು," ಎಂದು ಮುಂದಿನ ಮನೆಗೆ ನಡೆದೆ.

ಸಂಜೆ ಬಳ್ಳಾರಿಗೆ ಬಂದು ಟ್ರಂಕ್ ಕಾಲ್ ಹಚ್ಚಿ ಪಟ್ಟಿ ಓದಿದೆ. ಮೂರು ದಿನ ತಡೆಯುವ ಮಾತು ಎತ್ತಲಿಲ್ಲ. ಕೊನೆಯಲ್ಲಿ, ಯಾರೂ ಕೇಳದಿದ್ದರೂ, "ಮಾಳಿಗಿಯಾಕಿ ಮನಿಗೇನೂ ಆಗಿಲ್ರಿ, ಗಟ್ಟಿ ನಿಂತೈತಿ," ಎಂದು ಸೇರಿಸಿದೆ. ಆಕೆಯ ಮೇಲೆ ಅವರು ಕರಗುವುದು ಬೇಡ ಎಂದು. ಆದರೆ ವಕೀಲರು ಅತ್ತ ಕಡೆ ಮಗುವಿನ ಹಾಗೆ ಕೂಗಿದರು.

"ನಿಂತೈತೇನು? ಭೇಷ್! ಆಕಿ ಕೈ ಅಂದ್ರ ಕೈ!"

ನಾನು ಕೊಟ್ಟ ಪೆಟ್ಟು ನನಗೇ ಬಿತ್ತು. ಫೋನಿಟ್ಟು ಮಾವನ ಮನೆಗೆ ಹೋಗಿ ಅತ್ತೆಯ ಮೇಲೆ ಹರಿಹಾಯ್ದೆ.

ವಕೀಲರು ಸಭೆಯಲ್ಲಿ ಚೆನ್ನಾಗಿಯೇ ಮಾತಾಡಿದರಂತೆ. ನಮ್ಮ ಹೊಳೆಯ ಒಂದು ದಂಡೆಯಲ್ಲೇ ನಿಲ್ಲದೆ, ನೆರೆ ಬಂದ ಎಲ್ಲ ರಾಜ್ಯಗಳ ಮಾತೆತ್ತಿ, ಪರಿಹಾರವನ್ನು ಬೇಡಿ ಪಡೆಯುವ ಭಿಕ್ಷೆ ಮಾಡಬೇಡಿ, ಅದಕ್ಕೊಂದು ಕಾಯಂ ನಿಯಮ ಮಾಡಿ ಎಂದರಂತೆ. ಆಮೇಲೆ, ನನ್ನ ಕ್ಷೇತ್ರದಲ್ಲಿ ಮಣ್ಣಿನ ಮಾಳಿಗೆ ಹಾಕುವ ಒಬ್ಬ ಹೆಂಗಸಿದ್ದಾಳೆ, ಹೊಳೆ ಬಾಗಿಲೊಳಗೆ ಬಂದು ಹೋದರೂ ಅವಳ ಮನೆ ಇವತ್ತಿಗೂ ನಿಂತಿದೆ, ಇಂಥವರ ಕೈಯಿಂದ ಮನೆ ಕಟ್ಟಿಸಿ ಎಂದೂ ಹೇಳಿದರು. ಪೇಪರಿನಲ್ಲಿ ಆ ಮಾತು ಬಂದಿತ್ತು. ಓದಿ ಪೇಪರನ್ನು ಮಡಚಿ ಮೇಜಿನ ಖಾನೆಯ ತಳಕ್ಕೆ ಹಾಕಿದೆ.

ಆ ಎರಡು ದಿನ ಬಳ್ಳಾರಿಯ ಬಿಸಿಲು ಹೇಗೆ ಕಾಯಿತೆಂದರೆ, ವಾರವೆಲ್ಲ ಮಳೆ ಬಂದಿತ್ತೆಂಬುದೇ ಮರೆಯಬೇಕು. ಅತ್ತ ಹಳ್ಳಿಯಲ್ಲಿ ಅಧಿಕಾರಿಯೊಬ್ಬ, ವಕೀಲರು ಹೇಳಿದಂತೆ ನಾನು ಕಚೇರಿಗೆ ಕಳಿಸಿದ್ದ ಪಟ್ಟಿಯ ಪ್ರತಿಯನ್ನೇ ಹಿಡಿದು, ನಿಂತ ಮನೆಯವರೆಲ್ಲ ಸಾಲೆ ಬಿಟ್ಟು ನಿಮ್ಮ ನಿಮ್ಮ ಮನೆಗೆ ಹೋಗಿ ಎಂದಿದ್ದ. ಇದು ನನಗೆ ಗೊತ್ತಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಆಕೆ ಆಫೀಸಿನ ಬಾಗಿಲಲ್ಲಿ ನಿಂತಿದ್ದಳು. ತಲೆಯಿಂದ ಕಾಲಿನವರೆಗೆ ಒಣ ಮಣ್ಣು.

"ಬಿದ್ದವು," ಎಂದಳು.

"ಎಷ್ಟು?"

"ನೀ ನಿಂತೈತಿ ಅಂತ ಬರದಿದ್ದು ಅಷ್ಟೂ."

 ಜನ ಏನಾದರು ಎಂದು ಆಕೆಯೇ ಹೇಳಿದಳು. ಸಾಲೆಯಿಂದ ಹೊರಗೆ ಹಾಕಿದ ಮೇಲೆ ಆಕೆ ಓಣಿ ಓಣಿ ತಿರುಗಿ, ಬಾಗಿಲಿಗೆ ಅಡ್ಡ ನಿಂತು, ಬೈದು, ಕಾಲು ಹಿಡಿದು, ಒಬ್ಬರನ್ನೂ ಒಳಗೆ ಬಿಟ್ಟಿರಲಿಲ್ಲ. ಎಲ್ಲರೂ ಎರಡು ದಿನ ಬೇವಿನ ಮರದ ಕೆಳಗೆ ಬಿದ್ದುಕೊಂಡಿದ್ದರು. ಒಂದು ಎಮ್ಮೆಯ ಕಾಲು ಮುರಿದದ್ದು ಬಿಟ್ಟರೆ ಜೀವಕ್ಕೆ ಅಪಾಯವಾಗಿರಲಿಲ್ಲ. ಆಕೆ ಇಲ್ಲದಿದ್ದರೆ ನನ್ನ ಪಟ್ಟಿ ಎಷ್ಟು ಜನರನ್ನು ಮಣ್ಣಿನ ಕೆಳಗೆ ಹಾಕುತ್ತಿತ್ತೋ, ಇವತ್ತಿಗೂ ಅದನ್ನು ಪೂರ್ತಿ ಯೋಚಿಸಲು ನನಗೆ ಧೈರ್ಯವಿಲ್ಲ.

ದಿಲ್ಲಿಗೆ ತಿಳಿಸಿದೆ. ವಕೀಲರು ಮತ್ತೆ ಎದ್ದು ನಿಂತು ಈ ಮನೆಗಳನ್ನೂ ಸೇರಿಸಿಕೊಳ್ಳಿ ಎಂದು ಕೇಳಿದರು. ಉತ್ತರ ಕೊಟ್ಟ ಮಂತ್ರಿಗಳು ನಕ್ಕರಂತೆ. ಮಾನ್ಯ ಸದಸ್ಯರ ಪಟ್ಟಿಯೇ ಇವು ನಿಂತಿವೆ ಎನ್ನುತ್ತದೆ, ಮಳೆ ನಿಂತು ನೀರು ಇಳಿದ ಮೇಲೆ ಬಿದ್ದರೆ ಅದು ನೆರೆಯ ಹಾನಿ ಹೇಗಾಗುತ್ತದೆ ಎಂದರಂತೆ. ಸಭೆಯೂ ನಕ್ಕಿತಂತೆ. ವಕೀಲರು ಮುಂದಿನ ರೈಲಿಗೆ ಬಳ್ಳಾರಿಗೆ ಬಂದರು.

ಅವರು ಬಂದ ದಿನ ಆಕೆಯನ್ನೂ ಕರೆಸಿದ್ದರು. ಮುಂದಿನ ಕೋಣೆಯಲ್ಲಿ ಮೂರೇ ಜನ. ವಕೀಲರು ಪಟ್ಟಿಯನ್ನು ಮೇಜಿನ ಮೇಲೆ ಬಿಡಿಸಿಟ್ಟು, ಕನ್ನಡಕ ತೆಗೆದು, ದಣಿದ ದನಿಯಲ್ಲಿ ಕೇಳಿದರು.

"ಇವು ನಿಂತಾವ ಅಂತ ಯಾರು ಹೇಳಿದ್ರು?"

ನಾನು ಬಾಯಿ ತೆರೆಯುವ ಮೊದಲೇ ಆಕೆ ಹೇಳಿದಳು, "ನಾನ ಹೇಳಿದ್ದೆರಿ. ನೋಡಾಕ ತಪ್ಪಿದೆ."

ವಕೀಲರು ಆಕೆಯ ಮುಖವನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ದೇವರಾಣೆ, ಬೈಯಲಿ ಎಂದೇ ನನ್ನ ಮನಸ್ಸು ಕಾಯುತ್ತಿತ್ತು. ಅವರ ಮುಖ ಸಡಿಲವಾಯಿತು.

"ನಿನಗೂ ಮಣ್ಣು ಮೋಸ ಮಾಡ್ತೇನವ್ವ? ಇರ್ಲಿ ಬಿಡು. ಮಂದಿ ಉಳದ್ರಲ್ಲ. ನೀ ಉಳದಿಯಲ್ಲ," ಎಂದರು.

ಎಷ್ಟು ಮೆತ್ತಗೆ ಹೇಳಿದರು ಆ ಮಾತನ್ನು! ಅಪ್ಪ ಹೋದ ಮೇಲೆ ಅಷ್ಟು ಮೆತ್ತಗಿನ ಮಾತು ನನಗೆ ಯಾರೂ ಆಡಿರಲಿಲ್ಲ. ತಪ್ಪು ಮಾಡಿದವಳು ನಾನು, ಆ ಕ್ಷಮೆ ನನಗೆ ಸೇರಬೇಕಾದದ್ದು, ಅದನ್ನೂ ಇವಳು ನನ್ನ ಎದುರೇ ಕಸಿದುಕೊಂಡಳು ಎನ್ನಿಸಿತು. ನನ್ನ ಕೆಲಸ ಉಳಿಸಲು ಆಕೆ ಸುಳ್ಳು ಹೇಳಿದ್ದಳೆಂದು ತಿಳಿಯದಷ್ಟು ದಡ್ಡಿ ನಾನಲ್ಲ. ಅದು ತಿಳಿದು ಇನ್ನೂ ಉರಿಯಿತು.

"ಸುಳ್ಳು ರೀ!" ಎಂದು ಕೂಗಿಯೇ ಬಿಟ್ಟೆ. "ಆಕಿ ಬ್ಯಾಡ ಅಂದಿದ್ಲು. ಬಿಸಿಲಿಗೆ ಬೀಳ್ತಾವ, ಮೂರು ದಿನ ತಡಿ ಅಂದಿದ್ಲು. ನಿಮಗ ಹೇಳು ಅಂತನೂ ಅಂದಿದ್ಲು. ನಾನ ಬರದಿದ್ದು, ನಾನ ನಿಮಗ ಹೇಳ್ಲಿಲ್ಲ."

ಯಾರಾದರೂ ಇದನ್ನು ಓದಿ, ಹುಡುಗಿಗೆ ಕೊನೆಗಾದರೂ ಸತ್ಯ ಹೇಳುವ ಬುದ್ಧಿ ಬಂತಲ್ಲ ಎಂದುಕೊಳ್ಳಬಾರದು. ಸತ್ಯ ಹೇಳಿಸಿದ್ದೂ ಆ ಹೊಟ್ಟೆಕಿಚ್ಚೇ.

"ಸುಮ್ನ ಇರಬಾರದೇನ ತಂಗಿ," ಎಂದು ಆಕೆ ಹಣೆ ಬಡಿದುಕೊಂಡಳು. ವಕೀಲರು ಕನ್ನಡಕ ಹಾಕಿಕೊಂಡರು. ಯಾಕೆ ಮಾಡಿದೆ ಎಂದು ಕೇಳಲಿಲ್ಲ. ಕೇಳಿದ್ದರೆ ಅದನ್ನೂ ಹೇಳಿಬಿಡುತ್ತಿದ್ದೆ.

"ಮಷಿನ್ ಮುಂದ ಕುಂದ್ರು. ಆಕಿ ಹೇಳ್ತಾಳ, ನೀ ಟೈಪ್ ಮಾಡು," ಎಂದರು. ಮಗಳ ಎನ್ನಲಿಲ್ಲ. ಆಮೇಲೆಯೂ ಎಂದೂ ಅನ್ನಲಿಲ್ಲ.

ಆ ಮಧ್ಯಾಹ್ನವೆಲ್ಲ ಆಕೆ ಮಣ್ಣಿನ ಮನೆ ಹೇಗೆ ಬೀಳುತ್ತದೆಂದು ಹೇಳಿದಳು. ನೀರು ಗೋಡೆಯ ಬುಡದಿಂದ ಹೇಗೆ ಏರುತ್ತದೆ, ಹೊರಮೈ ಬೇಗ ಆರಿ ಒಳಗೆ ಹಸಿ ಉಳಿದರೆ ಏನಾಗುತ್ತದೆ, ಜಂತಿ ಯಾವ ಕಡೆಯಿಂದ ಮೊದಲು ಜಾರುತ್ತದೆ. ನಾನು ಅದನ್ನು ಇಂಗ್ಲಿಷ್ ಮಾಡಿ ಟೈಪ್ ಮಾಡಿದೆ. ವಕೀಲರು ಆ ಹಾಳೆ ಹಿಡಿದು ದಿಲ್ಲಿಗೆ ಹೋದರು. ನೀರು ಇಳಿದ ದಿನಕ್ಕೆ ನೆರೆ ಮುಗಿಯುವುದಿಲ್ಲ, ದೇಶದ ಅರ್ಧ ಜನ ಮಣ್ಣಿನ ಮನೆಯಲ್ಲಿದ್ದಾರೆ, ಗೋಡೆ ಆರುವವರೆಗೆ ಲೆಕ್ಕದ ಪುಸ್ತಕ ಮುಚ್ಚಬೇಡಿ ಎಂದು ಸಭೆಯಲ್ಲಿ ಹೇಳಿದರು. ಮಂತ್ರಿಗಳ ಮನೆಗೆ ಹೋಗಿ ಹೇಳಿದರು. ಕಾಗದದ ಮೇಲೆ ಕಾಗದ ಬರೆದರು. ದೇಶಕ್ಕೆಲ್ಲ ನಿಯಮ ಬದಲಾದದ್ದನ್ನು ನಾನು ಅಲ್ಲಿರುವವರೆಗೆ ಕಾಣಲಿಲ್ಲ. ಆ ಊರಿನ ಮಟ್ಟಿಗೆ ಮಾತ್ರ, ಬಿಸಿಲಿಗೆ ಬಿದ್ದ ಮನೆಗಳ ಇನ್ನೊಂದು ಪಟ್ಟಿ ಕೊಡಿ, ನೋಡೋಣ ಎಂಬ ಒಪ್ಪಿಗೆ ಬಂತು.

ಎರಡನೆಯ ಪಟ್ಟಿಗೆ ಆಕೆ ಮುಂದೆ, ನಾನು ಹಿಂದೆ, ಪಕ್ಕದಲ್ಲಿ ಒಬ್ಬ ಅಧಿಕಾರಿ. ಆಕೆ ಹೇಳಿದಂತೆ ಬರೆದೆ. ಕೇರಿಯ ತುದಿಗೆ ಬಂದಾಗ ಆಕೆಯ ಮನೆ ಇದ್ದ ಜಾಗದಲ್ಲಿ ಎದೆಮಟ್ಟದ ಮಣ್ಣಿನ ಗುಡ್ಡೆಯಿತ್ತು, ಮಧ್ಯದಿಂದ ಒಂದು ತೊಲೆ ಹೊರಗೆ ಚಾಚಿತ್ತು. ನಾನು ಬರೆಯಲು ಹೋದೆ. ಅಧಿಕಾರಿ ತಡೆದ.

"ಇದು ಬ್ಯಾಡ್ರಿ. ಈ ಮನಿ ನಿಂತೈತಿ ಅಂತ ನಿಮ್ಮ ಮೆಂಬರೇ ಸಭಾದಾಗ ಹೇಳ್ಯಾರ. ಅಲ್ಲಿ ಪುಸ್ತಕದಾಗ ಅಚ್ಚಾಗೇತಿ. ನಾವು ಬಿದ್ದೈತಿ ಅಂತ ಕಳಿಸಿದ್ರ ಪೂರಾ ಪಟ್ಟಿ ವಾಪಸ್ ಬರ್ತೈತಿ."

ವಕೀಲರಿಗೆ ವಿಷಯ ಹೇಳಿದಾಗ ಅವರು ಕುರ್ಚಿಯಿಂದ ಎದ್ದುಬಿಟ್ಟರು. ನಾನೇ ಸಭೆಯಲ್ಲಿ ನಿಂತು, ನಾನು ಹೇಳಿದ್ದು ತಪ್ಪು, ಆ ಮನೆ ಬಿದ್ದಿದೆ ಎನ್ನುತ್ತೇನೆ ಎಂದರು. ಆಕೆ ಒಪ್ಪಲಿಲ್ಲ.

"ಬ್ಯಾಡ್ರಿ ಯಪ್ಪಾ. ಆಗಲೇ ಒಮ್ಮಿ ನಕ್ಕಾರ. ನೀವು ಒಂದು ಮಾತು ಸುಳ್ಳು ಅಂದ್ರ ಎಲ್ಲಾ ಸುಳ್ಳು ಅಂತಾರ. ಊರಾಗಿನ ಅಷ್ಟೂ ಮನಿ ನನ್ನೊಂದು ಮನಿಗೆ ಕಟ್ಟಬ್ಯಾಡ್ರಿ. ನನ್ನದು ಬಿಟ್ಟು ಕಳಸ್ರಿ."

ವಕೀಲರು ಬಹಳ ಹೊತ್ತು ವಾದಿಸಿದರು. ಬಳ್ಳಾರಿಯ ಕೋರ್ಟಿನಲ್ಲಿ ಸೋಲದವರು ಆಕೆಯ ಮುಂದೆ ಸೋತರು. ಪಟ್ಟಿ ಹೋಯಿತು, ಒಪ್ಪಿಗೆಯಾಯಿತು. ಆ ಊರಿನಲ್ಲಿ ಬಿಸಿಲಿಗೆ ಬಿದ್ದ ಪ್ರತಿ ಮನೆಯೂ ಬಿದ್ದ ಮನೆ ಎಂದು ದಾಖಲಾಯಿತು, ಆಕೆಯದೊಂದನ್ನು ಬಿಟ್ಟು. ಆಕೆ ಗುಡ್ಡೆಯ ಪಕ್ಕದಲ್ಲಿ ಬಿದಿರು ತಟ್ಟಿಯ ಗುಡಿಸಲು ಹಾಕಿಕೊಂಡಳು. ವಕೀಲರು ನಾನೇ ಕಟ್ಟಿಸಿಕೊಡುತ್ತೇನೆ ಎಂದರೆ, ಮಾಳಿಗೆ ಹಾಕುವವಳಿಗೆ ಬೇರೆಯವರು ಮನೆ ಕಟ್ಟಿಸಿದರು ಅಂತ ಜನ ನಗುತ್ತಾರೆ ಎಂದುಬಿಟ್ಟಳಂತೆ.

ಆಮೇಲೆ ವಕೀಲರು ದಿಲ್ಲಿಯಿಂದ ಬಂದಾಗಲೆಲ್ಲ ಅವರೇ ಆ ಊರಿಗೆ ಹೋಗತೊಡಗಿದರು. ಭಾಷಣ ಹೇಳಿ ನೋಡುವುದೂ ಅಲ್ಲೇ, ಗುಡಿಸಲ ಮುಂದೆ. ನಾನು ಬಳ್ಳಾರಿಯಲ್ಲಿ ಕೂತು, ಅವರು ಗೀಚಿ ಕಳಿಸಿದ್ದನ್ನು ಟೈಪ್ ಮಾಡುತ್ತಿದ್ದೆ. ಮನೆ ಕಳೆದುಕೊಂಡವಳು ಆಕೆ, ಆದರೂ ನಾನು ಆಕೆಯ ಗುಡಿಸಲ ಮೇಲೆ ಹೊಟ್ಟೆ ಉರಿದುಕೊಂಡೆ. ಇದಕ್ಕಿಂತ ಕೆಳಗೆ ಇಳಿಯಲು ನನಗೆ ಜಾಗವಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ದಿಲ್ಲಿಯಿಂದ ಸಭೆಯ ನಡಾವಳಿಯ ಅಚ್ಚಾದ ಪುಸ್ತಕ ಬಂತು. ಅದನ್ನು ಆಕೆಗೆ ಓದಿ ಬಾ ಎಂದು ವಕೀಲರು ನನ್ನನ್ನೇ ಕಳಿಸಿದರು. ಹೋದಾಗ ಆಕೆ ಯಾರದೋ ಮಾಳಿಗೆಯ ಮೇಲೆ ಸೀರೆ ಎತ್ತಿ ಕಟ್ಟಿ ಮಣ್ಣು ತುಳಿಯುತ್ತಿದ್ದಳು. ಏಣಿ ಇಳಿದು ಬಂದು, ಕೈ ತೊಳೆದು, ಗುಡಿಸಲ ಮುಂದೆ ನನಗೊಂದು ಚೀಲ ಹಾಸಿ, ತಾನು ಮಣ್ಣಿನ ಗುಡ್ಡೆಗೆ ಬೆನ್ನು ಕೊಟ್ಟು ಕೂತಳು.

ನಾನು ಇಂಗ್ಲಿಷನ್ನು ಕನ್ನಡ ಮಾಡುತ್ತ ಓದಿದೆ. ಮಾನ್ಯ ಸಭಾಧ್ಯಕ್ಷರೇ, ನನ್ನ ಕ್ಷೇತ್ರದಲ್ಲಿ ಮಣ್ಣಿನ ಮಾಳಿಗೆ ಹಾಕುವ ಒಬ್ಬ ಹೆಂಗಸಿದ್ದಾಳೆ, ಹೊಳೆ ಅವಳ ಬಾಗಿಲೊಳಗೆ ಬಂದು ಹೋಯಿತು, ಅವಳ ಮನೆ ಇವತ್ತಿಗೂ ನಿಂತಿದೆ. ದೇಶದ ಪುಸ್ತಕದಲ್ಲಿ ಆಕೆಗೆ ನಾಲ್ಕು ಸಾಲು. ನಾನು ಅಷ್ಟು ವರ್ಷ ಬೆರಳು ಸವೆಸಿದ್ದಕ್ಕೆ ಅದರಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಬಿಸಿಲಲ್ಲಿ ಕೂತು ಆ ನಾಲ್ಕು ಸಾಲಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಓದಿ ತಲೆಯೆತ್ತಿದೆ. ಆಕೆ ಕಣ್ಣು ಮುಚ್ಚಿ ಕೇಳುತ್ತಿದ್ದಳು.

"ಇನ್ನೊಮ್ಮಿ ಓದು ತಂಗಿ."

ಹಿಗ್ಗಿಗೆ ಕೇಳುತ್ತಿದ್ದಾಳೆ ಎಂದುಕೊಂಡೆ. ಸಿಡುಕಿನಿಂದಲೇ ಹಾಳೆ ತಿರುವಿದೆ.

"ಹಂಗಲ್ಲ," ಎಂದು ಆಕೆ ನನ್ನ ಮೊಣಕೈ ಹಿಡಿದಳು. "ಈ ಸಲ ಬಿದ್ದೈತಿ ಅಂತ ಓದು. ಎಲ್ಲಾರ ಮನಿನೂ ಯಾವುದರ ಒಂದು ಕಾಗದದಾಗ ಬಿದ್ದಾವ. ನಂದು ಎಲ್ಲೂ ಬಿದ್ದಿಲ್ಲ. ಒಂದ ಸಲ ಓದು, ಕೇಳ್ತೀನಿ."

 ಎದ್ದು ನಿಂತೆ, ಸಭೆಯಲ್ಲಿ ನಿಲ್ಲುವವರ ಹಾಗೆ. ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು, ಮಾನ್ಯ ಸಭಾಧ್ಯಕ್ಷರೇ, ನನ್ನ ಕ್ಷೇತ್ರದಲ್ಲಿ ಮಣ್ಣಿನ ಮಾಳಿಗೆ ಹಾಕುವ ಒಬ್ಬ ಹೆಂಗಸಿದ್ದಾಳೆ, ಹೊಳೆ ಅವಳ ಬಾಗಿಲೊಳಗೆ ಬಂದು ಹೋಯಿತು, ಅವಳ ಮನೆ ಬಿದ್ದಿದೆ ಎಂದು ಗಟ್ಟಿಯಾಗಿ ಓದಿದೆ.

ಆಕೆ ಕಣ್ಣು ತೆರೆದಳು. ಬೆನ್ನ ಹಿಂದಿನ ಮಣ್ಣನ್ನು ಒಮ್ಮೆ ಕೈಯಿಂದ ಸವರಿದಳು.

"ಹಾಂ," ಎಂದಳು. "ಈಗ ಬಿತ್ತು."